ಆಸ್ಪತ್ರೆಗೆ ಹೊರಡುವ ಹಿಂದಿನ ರಾತ್ರಿ

ಸಾಕುಪ್ರಾಣಿಗಳ ಆರೈಕೆಯನ್ನು ಕುರಿತ ಈ ಅಂಕಣಕ್ಕೆ ಈ ಬಾರಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳು ಹೆಚ್ಚುಕಡಿಮೆ ಒಂದೇ ಸಂಗತಿಯನ್ನು ಕೇಳಿವೆ. ಪ್ರಾಣಿಯನ್ನು ವೈದ್ಯರ ಬಳಿಗೆ ಒಯ್ಯುವ ಮೊದಲು ಮನೆಯವರು ಏನೇನು ಮಾಡಿಕೊಂಡಿರಬೇಕು ಎಂಬುದೇ ಆ ಸಂಗತಿ. ಈ ಸೀಮೆಯ ಪಶು ಆಸ್ಪತ್ರೆಗಳಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು ನಾನು. ಪರೀಕ್ಷೆಯ ಮೇಜಿನ ಆಚೆ ನಿಂತವನಿಗೆ ಕಂಡದ್ದನ್ನು ಬರೆಯುತ್ತೇನೆ.

ಪ್ರಶ್ನೆ: ನಮ್ಮ ನಾಯಿಗೆ ಮೂರು ವರ್ಷ, ನಾಟಿ ತಳಿ. ಹೋದ ತಿಂಗಳು ನಾಲ್ಕೈದು ದಿನ ಮಂಕಾಗಿ ಮಲಗಿತ್ತೆಂದು ವೈದ್ಯರಿಗೆ ತೋರಿಸಿದೆವು. ಯಾವಾಗಿನಿಂದ ಹೀಗಿದೆ, ವಾಂತಿ ಎಷ್ಟು ಸಲ ಆಗಿದೆ, ಕೊನೆಯ ಲಸಿಕೆ ಯಾವಾಗ ಎಂದು ಅವರು ಕೇಳಿದಾಗ ನಾನೊಂದು, ನಮ್ಮ ಯಜಮಾನರೊಂದು, ಅತ್ತೆಯವರೊಂದು ಉತ್ತರ ಕೊಟ್ಟೆವು. ಈಗ ಸ್ವಲ್ಪ ಗೆಲುವಾಗಿದ್ದರೂ ಮತ್ತೊಮ್ಮೆ ತೋರಿಸಬೇಕಾಗಿದೆ. ಈ ಸಲ ಸಿದ್ಧರಾಗಿ ಹೋಗುವುದು ಹೇಗೆ? ಇನ್ನೊಂದು ಮಾತು. ಅಂದು ಹೊರಡುವ ಮೊದಲು ಅತ್ತೆಯವರು ಮನೆಯಲ್ಲಿದ್ದ ಜ್ವರದ ಮಾತ್ರೆಯನ್ನು ಅರ್ಧ ಮುರಿದು ರೊಟ್ಟಿಯಲ್ಲಿ ಮುಚ್ಚಿ ತಿನ್ನಿಸಿದ್ದರು. ಬೈಯುತ್ತಾರೆಂದು ಹೆದರಿ ಅದನ್ನು ನಾವು ಹೇಳಲಿಲ್ಲ.
(ಶಿಕ್ಷಕಿ, ಕೌಲ್ ಬಜಾರ್, ಬಳ್ಳಾರಿ)

ಉತ್ತರ: ಅಮ್ಮಾ, ನೀವು ಕೊನೆಗೆ ಬರೆದಿರುವ ಮಾತನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಮಾತ್ರೆ ಕೊಟ್ಟದ್ದು ಅಷ್ಟು ದೊಡ್ಡ ತಪ್ಪಲ್ಲ, ಹೇಳದೆ ಉಳಿದದ್ದು ತಪ್ಪು. ಆರೋಗ್ಯವಾಗಿರುವ ನಾಯಿಯ ಮೈಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಇರುತ್ತದೆ. ಜ್ವರವಿದ್ದ ನಾಯಿಗೆ ನೀವು ಮಾತ್ರೆ ತಿನ್ನಿಸಿ ಕರೆತಂದರೆ, ಮೇಜಿನ ಮೇಲೆ ಥರ್ಮಾಮೀಟರು 102 ತೋರಿಸುತ್ತದೆ, ವೈದ್ಯರು ಜ್ವರದ ಕಾಯಿಲೆಗಳನ್ನೆಲ್ಲ ಲೆಕ್ಕದಿಂದ ಬಿಟ್ಟು ಬೇರೆ ಕಡೆ ಹುಡುಕಲು ಹೊರಡುತ್ತಾರೆ. ಎರಡನೆಯದು, ಆ ಮಾತ್ರೆ ಯಾವುದೆಂಬುದು. ದೊಡ್ಡ ನಾಯಿಗೆ ಅರ್ಧ ಪ್ಯಾರಸಿಟಮಾಲ್‌ನಿಂದ ಏನೂ ಆಗದೆ ಇರಬಹುದು, ಆದರೆ ಬೆಕ್ಕಿಗಾದರೆ ಅದೇ ಮಾತ್ರೆ ಪ್ರಾಣಕ್ಕೆ ಎರವಾಗುತ್ತದೆ. ಐಬುಪ್ರೊಫೆನ್ ಮತ್ತು ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸಬಲ್ಲವು, ಮೂತ್ರಪಿಂಡವನ್ನೂ ಕೆಡಿಸಬಲ್ಲವು. ಇದು ತಿಳಿಯದ ವೈದ್ಯರು ಅದೇ ಜಾತಿಯ ಇನ್ನೊಂದು ನೋವಿನ ಚುಚ್ಚುಮದ್ದನ್ನು ಅದರ ಮೇಲೆ ಕೊಟ್ಟರೆ ಪೆಟ್ಟು ಇಮ್ಮಡಿಯಾಗುತ್ತದೆ. ಮುಂದಿನ ಸಲ ಮಾತ್ರೆಯ ಹಾಳೆಯನ್ನೇ ಕೈಚೀಲದಲ್ಲಿ ಹಾಕಿಕೊಂಡು ಹೋಗಿ. ಅರಿಸಿನ ಎಣ್ಣೆ ಹಚ್ಚಿದ್ದು, ಉಣ್ಣಿಗೆಂದು ಸೀಮೆಎಣ್ಣೆ ಸವರಿದ್ದು, ಪಕ್ಕದ ಮನೆಯವರು ಹೇಳಿದ ಸೊಪ್ಪಿನ ರಸ ಕುಡಿಸಿದ್ದು, ಯಾವುದನ್ನೂ ಮುಚ್ಚಿಡಬೇಡಿ. ಬೈಯುವ ವೈದ್ಯರೂ ಇದ್ದಾರೆ ಎಂಬುದನ್ನು ಒಪ್ಪುತ್ತೇನೆ, ಬೈಸಿಕೊಂಡಾದರೂ ಹೇಳಿ.

ಇನ್ನು ಮೂವರು ಮೂರು ಉತ್ತರ ಕೊಟ್ಟ ವಿಷಯ. ನನ್ನ ಅನುಭವದಲ್ಲಿ ಪ್ರಾಣಿಯ ಜೊತೆ ಬರಬೇಕಾದವರು ಮನೆಯ ಹಿರಿಯರಲ್ಲ, ಗಾಡಿ ಓಡಿಸುವವರೂ ಅಲ್ಲ, ದಿನಾ ತಟ್ಟೆಗೆ ಅನ್ನ ಹಾಕುವವರು. ಅವರಿಗೆ ಬರಲಾಗದಿದ್ದರೆ ಹಿಂದಿನ ರಾತ್ರಿ ಅವರನ್ನು ಕೂಡಿಸಿಕೊಂಡು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. 'ಸಾಹೇಬ್ರ, ನಿನ್ನಿಯಿಂದ ಏನೂ ತಿಂದಿಲ್ರಿ' ಎಂದು ಹೇಳುತ್ತಾ ಬಂದವರನ್ನು ಎರಡನೆಯ ಸಲ ಕೇಳಿದರೆ, ನಿನ್ನೆ ಬೆಳಿಗ್ಗೆ ಹಾಲು ಕುಡಿದಿತ್ತು, ರಾತ್ರಿ ಮಗ ಬಿಸ್ಕೀಟು ಹಾಕಿದ್ದ, ಆದರೆ ಮೂರು ದಿನದಿಂದ ರೊಟ್ಟಿ ಮುಟ್ಟಿಲ್ಲ ಎಂದು ಒಂದೊಂದಾಗಿ ಹೊರಬರುತ್ತದೆ. ಹಸಿವೇ ಇಲ್ಲದ ನಾಯಿ ಬೇರೆ, ಗಟ್ಟಿಯಾದದ್ದನ್ನು ಅಗಿಯಲಾರದೆ ಮೆತ್ತಗಿನದನ್ನು ಮಾತ್ರ ತಿನ್ನುವ ನಾಯಿ ಬೇರೆ. ಎರಡನೆಯದಾದರೆ ನಾವು ಹೊಟ್ಟೆಯನ್ನು ಬಿಟ್ಟು ಹಲ್ಲು ನೋಡುತ್ತೇವೆ.

ಹಾಳೆಯಲ್ಲಿ ಊಟದ ಬಗ್ಗೆ ಬರೆಯುವಾಗ ಮನೆಯ ಮರ್ಯಾದೆಯನ್ನು ಪಕ್ಕಕ್ಕಿಡಿ. ಪ್ಯಾಕೆಟ್ಟಿನ ಆಹಾರ ಬಿಟ್ಟರೆ ಬೇರೇನೂ ಹಾಕುವುದಿಲ್ಲ ಎಂದು ತಂದೆ ಗಂಭೀರವಾಗಿ ಹೇಳುತ್ತಿರುವಾಗ, ಪಕ್ಕದಲ್ಲಿ ನಿಂತ ಮಗಳು ತಲೆ ತಗ್ಗಿಸಿದ್ದನ್ನು ನೋಡಿ ನಾನು ಎಷ್ಟೋ ಸಲ ರೋಗ ಹಿಡಿದಿದ್ದೇನೆ. ಬಳ್ಳಾರಿಯಲ್ಲಿ ಬೆಳಗಿನ ಒಗ್ಗರಣಿ, ಮಿರ್ಚಿ ತಿನ್ನದ ಮನೆ ಯಾವುದು? ತಟ್ಟೆಯಲ್ಲಿ ಉಳಿದ ಮಂಡಕ್ಕಿ ನಾಯಿಯ ಪಾಲು. ಅದರಲ್ಲಿರುವ ಈರುಳ್ಳಿ ನಾಯಿಗೂ ಬೆಕ್ಕಿಗೂ ಒಗ್ಗುವುದಿಲ್ಲ. ಹಸಿಯಾಗಲಿ, ಬೆಂದದ್ದಾಗಲಿ, ಹೊಟ್ಟೆಗೆ ಹೆಚ್ಚಾಗಿ ಹೋದರೆ ಅಥವಾ ದಿನವೂ ಹೋಗುತ್ತಿದ್ದರೆ ರಕ್ತದ ಕೆಂಪು ಕಣಗಳನ್ನು ಒಡೆದು ರಕ್ತಹೀನತೆ ತರುತ್ತದೆ. ಬೆಳ್ಳುಳ್ಳಿಯೂ ಅದೇ ಗುಂಪಿನದು. ಚಾಕೊಲೇಟ್, ದ್ರಾಕ್ಷಿಗಳನ್ನು ತಿಂದಿದ್ದರೆ ಅದನ್ನೂ ಎಷ್ಟು ಹೊತ್ತಿಗೆ, ಎಷ್ಟು ಎಂಬುದರೊಂದಿಗೆ ಬರೆಯಬೇಕು.

ವಾಂತಿಯ ಬಗ್ಗೆ ಎಷ್ಟು ಸಲ ಎಂಬುದಕ್ಕಿಂತ ಹೇಗೆ ಎಂಬುದು ಮುಖ್ಯ. ಹೊಟ್ಟೆಯನ್ನು ಒಳಕ್ಕೆಳೆದು, ಮೈಯೆಲ್ಲ ಕುಲುಕಿಸಿ, ಓಕರಿಸಿ ಹೊರಹಾಕಿದರೆ ಅದು ವಾಂತಿ. ತಿಂದ ಅನ್ನ ಯಾವ ಶ್ರಮವೂ ಇಲ್ಲದೆ, ತಲೆ ಬಗ್ಗಿಸಿದ ಕೂಡಲೇ, ಜೀರ್ಣವಾಗದೆ ಹಾಗೆಯೇ ಬಿದ್ದರೆ ತೊಂದರೆ ಅನ್ನನಾಳದಲ್ಲಿರಬಹುದು. ಇದನ್ನು ಮಾತಿನಲ್ಲಿ ಹೇಳುವುದು ಕಷ್ಟ, ಮೊಬೈಲಿನಲ್ಲಿ ಹಿಡಿಯುವುದು ಸುಲಭ. ಕೆಮ್ಮು, ಕುಂಟು, ಫಿಟ್ಸ್ ಇವುಗಳಿಗೂ ಇದೇ ಮಾತು. ಮನೆಯಲ್ಲಿ ಕುಂಟುತ್ತಿದ್ದ ನಾಯಿ ಆಸ್ಪತ್ರೆಯ ಬಾಗಿಲಲ್ಲಿ ಬೇರೆ ನಾಯಿಯನ್ನು ಕಂಡೊಡನೆ ನಾಲ್ಕೂ ಕಾಲಿನ ಮೇಲೆ ನಡೆಯತೊಡಗುತ್ತದೆ, ಒಡೆಯರು ಸುಳ್ಳರಂತೆ ಕಾಣುತ್ತಾರೆ. ಅರ್ಧ ನಿಮಿಷದ ವಿಡಿಯೋ ಸಾಕು.

ಹೊರಡುವ ಮುನ್ನ ಎರಡು ಅಳತೆಗಳನ್ನು ನೀವೇ ಮಾಡಬಲ್ಲಿರಿ. ನಾಯಿ ಗಾಢವಾಗಿ ನಿದ್ರಿಸುತ್ತಿರುವಾಗ ಪಕ್ಕೆಲುಬು ಏರಿ ಇಳಿಯುವುದನ್ನು ಒಂದು ಉಸಿರು ಎಂದು ಹಿಡಿದು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. ನಿದ್ರೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಕಡಿಮೆ ಇರಬೇಕು. ಆಸ್ಪತ್ರೆಯಲ್ಲಿ ಹೆದರಿ ಏದುತ್ತಿರುವ ನಾಯಿಯ ಉಸಿರನ್ನು ಎಣಿಸಿ ಪ್ರಯೋಜನವಿಲ್ಲ. ಆದ್ದರಿಂದ ನಿಮ್ಮ ಮನೆಯ ಲೆಕ್ಕಕ್ಕೆ ನಮ್ಮ ಲೆಕ್ಕಕ್ಕಿಂತ ಬೆಲೆ ಹೆಚ್ಚು. ಎರಡನೆಯದು ವಸಡು. ತುಟಿಯನ್ನು ಮೇಲೆತ್ತಿ, ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ವಸಡೇ ಬಿಳಿಯಾಗಿದ್ದರೆ ಮುಂದಿನ ವಾರದ ಸರದಿಯನ್ನು ಕಾಯಬಾರದು, ಅಂದೇ ಹೋಗಬೇಕು.

ವಸಡಿನ ಮಾತು ಬಂದಾಗ ಉಣ್ಣಿಯನ್ನು ಬಿಡುವಂತಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಶಹಾಬಾದ್ ಕಲ್ಲಿನ ಸಂದು, ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಹಿಂದೆ ಅಡಗುವ ಕಂದು ಉಣ್ಣಿ ಎರ್ಲಿಕಿಯಾ ಎಂಬ ಸೋಂಕನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಜ್ವರ, ಮಂಕು, ಊಟ ಬಿಡುವುದು, ಕೆಲವೊಮ್ಮೆ ಮೂಗಿನಿಂದ ರಕ್ತ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ, ರಕ್ತಪರೀಕ್ಷೆಯಲ್ಲಿ ಕಿರುಬಿಲ್ಲೆಗಳ (ಪ್ಲೇಟ್‌ಲೆಟ್‌ಗಳ) ಇಳಿಕೆ ಇದರ ಗುರುತು. ನೀವು ಬರೆದಿರುವ ಲಕ್ಷಣಗಳಿಗೆ ಇದೊಂದೇ ಕಾರಣವೆಂದು ಪತ್ರ ಓದಿ ಹೇಳಲಾರೆ. ಆದರೆ ಎರಡು ತಿಂಗಳ ಹಿಂದೆ ಉಣ್ಣಿ ಕಿತ್ತ ನೆನಪಿದ್ದರೆ ಆ ಮಾತನ್ನು ವೈದ್ಯರಿಗೆ ಅವಶ್ಯವಾಗಿ ಹೇಳಿ. ಈಗಲೂ ಸಿಕ್ಕರೆ ಒಂದನ್ನು ಸಣ್ಣ ಶೀಶೆಯಲ್ಲಿ ಹಾಕಿಕೊಂಡು ಬನ್ನಿ. ಆಸ್ಪತ್ರೆಗೆ ಹೋಗುತ್ತಿದ್ದೇವೆಂದು ನಾಯಿಗೆ ಸ್ನಾನ ಮಾಡಿಸಿ, ಪೌಡರು ಹಾಕಿ ಕರೆತರುವ ಅಭ್ಯಾಸ ನಮ್ಮವರಲ್ಲಿದೆ. ನಂಟರ ಮನೆಗೆ ಹೋದಂತೆ! ಚರ್ಮದ ಕಾಯಿಲೆಯಿದ್ದಾಗ ಈ ಸ್ನಾನ ಹೊಟ್ಟು, ಕೀವು, ಕೀಟಗಳನ್ನೆಲ್ಲ ತೊಳೆದು ನಾವು ನೋಡಬೇಕಾದದ್ದನ್ನೇ ಅಳಿಸಿಬಿಡುತ್ತದೆ.

ಮಲಪರೀಕ್ಷೆ ಹೇಳಿದ್ದರೆ ಅಂದಿನ ಬೆಳಗಿನ ಮಲ, ಒಂದು ಚಮಚದಷ್ಟು, ಮುಚ್ಚಳವಿರುವ ಒಣ ಡಬ್ಬಿಯಲ್ಲಿರಲಿ. ಉಳಿದದ್ದು ಲಸಿಕೆಯ ಪುಸ್ತಕ. ರೇಬೀಸ್ ಲಸಿಕೆಯನ್ನು ಮೊದಲು ಮೂರು ತಿಂಗಳ ವಯಸ್ಸಿಗೆ ಹಾಕಿಸಿ, ಒಂದು ವರ್ಷಕ್ಕೆ ಮತ್ತೆ ಹಾಕಿಸಿ, ನಮ್ಮ ದೇಶದಲ್ಲಿ ವರ್ಷವರ್ಷವೂ ಮುಂದುವರಿಸುವುದು ರೂಢಿ. ಪುಸ್ತಕದಲ್ಲಿ ಲಸಿಕೆಯ ಶೀಶೆಯಿಂದ ಕಿತ್ತು ಅಂಟಿಸಿದ ಸಣ್ಣ ಚೀಟಿ ಇರುತ್ತದೆ, ಪಕ್ಕದಲ್ಲಿ ತಾರೀಖಿರುತ್ತದೆ. ಅದರ ಒಂದು ಫೋಟೋ ಮೊಬೈಲಿನಲ್ಲಿಟ್ಟುಕೊಂಡರೆ ನೀವು ಮೂವರೂ ಒಂದೇ ಉತ್ತರ ಕೊಡಬಲ್ಲಿರಿ.

ಪ್ರಶ್ನೆ: ನಮ್ಮ ಗಂಡು ಬೆಕ್ಕನ್ನು ಬಸ್ಸಿನಲ್ಲಿ ಕೊಪ್ಪಳಕ್ಕೆ ಒಯ್ಯಬೇಕಾಗಿದೆ. ಹಿಂದೊಮ್ಮೆ ಆಟೋದಿಂದ ಜಿಗಿದು ಓಡಿ ಎರಡು ದಿನ ಸಿಗಲಿಲ್ಲ. ಗೋಣಿಚೀಲದಲ್ಲಿ ಕಟ್ಟಿ ಒಯ್ಯಿರಿ ಎನ್ನುತ್ತಾರೆ. ಸರಿಯೇ? ಓಣಿಯಲ್ಲಿ ಇಲಿಪಾಷಾಣ ಇಡುವುದರಿಂದ ಆ ಭಯವೂ ಇದೆ.
(ಕಿರಾಣಿ ಅಂಗಡಿಯವರು, ಗಂಗಾವತಿ)

ಉತ್ತರ: ಗೋಣಿಚೀಲ ಬೇಡ. ನಮ್ಮ ಬಿಸಿಲಿನಲ್ಲಿ ಅದರೊಳಗೆ ಗಾಳಿಯಾಡುವುದಿಲ್ಲ, ಬಿಚ್ಚುವಾಗ ಬೆಕ್ಕು ಮೊದಲು ಕಾಣುವುದು ನಿಮ್ಮ ಕೈಯನ್ನೇ. ಬೆಕ್ಕಿನ ಪೆಟ್ಟಿಗೆ ಕೊಳ್ಳಲು ಮನಸ್ಸಿಲ್ಲದಿದ್ದರೆ ನಿಮ್ಮ ಅಂಗಡಿಯಲ್ಲೇ ಸಿಗುವ ತರಕಾರಿಯ ಪ್ಲಾಸ್ಟಿಕ್ ಕ್ರೇಟುಗಳು ಸಾಕು. ಒಂದನ್ನು ಇನ್ನೊಂದರ ಮೇಲೆ ಬೋರಲು ಹಾಕಿ, ನಾಲ್ಕೂ ಮೂಲೆಗೆ ಹುರಿ ಕಟ್ಟಿ, ಒಂದು ಬದಿಯ ಗಂಟನ್ನು ಮಾತ್ರ ಬಿಚ್ಚುವಂತೆ ಇಟ್ಟುಕೊಳ್ಳಿ. ಸಂದುಗಳು ಬೆಕ್ಕಿನ ತಲೆ ತೂರದಷ್ಟು ಕಿರಿದಾಗಿರಬೇಕು. ಇದನ್ನು ಹೊರಡುವ ಬೆಳಿಗ್ಗೆ ಹೊರತೆಗೆದರೆ ಬೆಕ್ಕು ಅಟ್ಟ ಹತ್ತಿರುತ್ತದೆ. ಒಂದು ವಾರ ಮೊದಲೇ ಮನೆಯ ಮೂಲೆಯಲ್ಲಿ ಬಾಯಿ ತೆರೆದಿಟ್ಟು, ಅದು ಮಲಗುವ ಹಳೆಯ ಸೀರೆಯ ತುಂಡನ್ನು ಒಳಗೆ ಹಾಸಿ, ಊಟವನ್ನು ಅಲ್ಲಿಯೇ ಇಡುತ್ತ ಬನ್ನಿ. ಹೊರಡುವ ದಿನ ಮೂರು ನಾಲ್ಕು ತಾಸು ಮೊದಲೇ ಊಟ ನಿಲ್ಲಿಸಿದರೆ ದಾರಿಯಲ್ಲಿ ವಾಂತಿ ಕಡಿಮೆ. ಮೇಲೆ ತೆಳ್ಳನೆಯ ಬಟ್ಟೆ ಮುಚ್ಚಿ, ಬಸ್ಸಿನಲ್ಲಿ ನಿಮ್ಮ ಕಾಲ ಬಳಿಯೇ ಇಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ನೆಲದ ಮೇಲಿಡದೆ ಬೆಂಚಿನ ಮೇಲೆ, ನಾಯಿಗಳ ಕಡೆಗೆ ಬೆನ್ನಾಗುವಂತೆ ಇಡಿ. ಒಳಗೆ ಕರೆಯುವ ತನಕ ಗಂಟು ಬಿಚ್ಚಬೇಡಿ, 'ಪಾಪ, ನೋಡೋಣ' ಎಂದು ಯಾರು ಹೇಳಿದರೂ ಸರಿ.

ಇಲಿಪಾಷಾಣದ ವಿಷಯದಲ್ಲಿ, ಅದನ್ನು ಇಟ್ಟವರ ಬಳಿಗೆ ಇಂದೇ ಹೋಗಿ ಹೊದಿಕೆಯ ಫೋಟೋ ತೆಗೆದುಕೊಂಡು ಬನ್ನಿ. ಭತ್ತದ ಗದ್ದೆಗಳಲ್ಲಿ ಬಳಸುವ ಜಿಂಕ್ ಫಾಸ್ಫೈಡ್ ಹೊಟ್ಟೆಯಲ್ಲಿ ವಿಷಾನಿಲವಾಗಿ ಕೆಲವೇ ತಾಸುಗಳಲ್ಲಿ ಕೊಲ್ಲಬಲ್ಲದು. ಮನೆಗಳಲ್ಲಿ ಇಡುವ ಬಿಲ್ಲೆಗಳಲ್ಲಿ ಹಲವು ರಕ್ತ ಹೆಪ್ಪುಗಟ್ಟದಂತೆ ಮಾಡುವಂಥವು, ಅವುಗಳ ಪರಿಣಾಮ ಕೆಲವು ದಿನ ಕಳೆದ ಮೇಲೆ ಕಾಣುತ್ತದೆ. ಎರಡನೆಯದಕ್ಕೆ ವಿಟಮಿನ್ ಕೆ ಎಂಬ ಮದ್ದಿದೆ, ಮೊದಲನೆಯದಕ್ಕೆ ನೇರವಾದ ಮದ್ದಿಲ್ಲ. ಹೆಸರು ತಿಳಿಯದೆ ಚಿಕಿತ್ಸೆ ಮಾಡುವುದೆಂದರೆ ಕತ್ತಲಲ್ಲಿ ಕಲ್ಲು ಹೊಡೆದಂತೆ. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸಬೇಡಿ. ನಾಯಿಗೆಂದು ತಂದ ಉಣ್ಣಿಯ ಔಷಧವನ್ನೂ ಬೆಕ್ಕಿಗೆ ಹಚ್ಚಬೇಡಿ. ಅದರಲ್ಲಿ ಪರ್ಮೆತ್ರಿನ್ ಇದ್ದರೆ ಬೆಕ್ಕು ನಡುಗಿ ಸಾಯಬಹುದು.

ನೀವು ಕೇಳದ ಒಂದು ಮಾತನ್ನು, ಗಂಡು ಬೆಕ್ಕು ಎಂದು ಬರೆದಿರುವುದರಿಂದ, ಸೇರಿಸುತ್ತೇನೆ. ಗಂಡು ಬೆಕ್ಕು ಪದೇಪದೇ ಕುಕ್ಕರಿಸಿ, ಅರಚಿ, ಏನೂ ಬಾರದೆ ಎದ್ದುಹೋಗುತ್ತಿದ್ದರೆ ಮನೆಯವರು ಅದನ್ನು ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಹುಡುಕುತ್ತಾರೆ. ಬಹಳ ಸಲ ಕಟ್ಟಿಕೊಂಡಿರುವುದು ಮೂತ್ರ. ಅದು ಒಂದೆರಡು ದಿನದಲ್ಲಿ ಪ್ರಾಣ ತೆಗೆಯುವ ತೊಂದರೆ. ಅದಕ್ಕೆ ಸಿದ್ಧತೆ ಏನೂ ಬೇಡ, ಸಿಕ್ಕ ಗಾಡಿ ಹತ್ತಿ ಹೋಗಿ.

ಪ್ರಶ್ನೆ: ನಮ್ಮ ಎಂಟು ತಿಂಗಳ ಮುಧೋಳ ಹೆಣ್ಣುನಾಯಿಗೆ ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಲಿದ್ದೇವೆ. ಖಾಲಿ ಹೊಟ್ಟೆಯಲ್ಲಿ ಕರೆತರಲು ಹೇಳಿದ್ದಾರೆ. ಉಪವಾಸ ಕೆಡವುವುದು ಪಾಪ ಎಂದು ನಮ್ಮ ಅವ್ವ ಒಪ್ಪುತ್ತಿಲ್ಲ. ಎಷ್ಟು ಹೊತ್ತು ಖಾಲಿ ಇಡಬೇಕು?
(ಲಿಂಗಸುಗೂರು, ರಾಯಚೂರು ಜಿಲ್ಲೆ)

ಉತ್ತರ: ನಿಮ್ಮ ವೈದ್ಯರು ಹೇಳಿದ ಸಮಯವೇ ಅಂತಿಮ. ಸಾಮಾನ್ಯವಾಗಿ ಬೆಳೆದ ನಾಯಿಗೆ ಎಂಟರಿಂದ ಹನ್ನೆರಡು ತಾಸು ಊಟವಿರಬಾರದು, ನೀರನ್ನು ಬೆಳಿಗ್ಗೆಯವರೆಗೆ ಕೊಡಬಹುದು. ರಾತ್ರಿ ಒಂಬತ್ತಕ್ಕೆ ಹಗುರವಾದ ಊಟ ಹಾಕಿ ತಟ್ಟೆ ಎತ್ತಿಟ್ಟರೆ ಲೆಕ್ಕ ಸರಿಹೋಗುತ್ತದೆ. ಬಹಳ ಎಳೆಯ ಮರಿಗಳಿಗೆ ಇಷ್ಟು ಹೊತ್ತು ತಡೆಯುವ ಶಕ್ತಿ ಇರುವುದಿಲ್ಲ, ಆ ಲೆಕ್ಕ ಬೇರೆ. ಅವ್ವನವರಿಗೆ ಕಾರಣವನ್ನು ಬಿಡಿಸಿ ಹೇಳಿ. ಅರಿವಳಿಕೆ ಕೊಟ್ಟಾಗ ಗಂಟಲಿನ ಕಾವಲು ಹೋಗುತ್ತದೆ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ನನ್ನ ಸೇವೆಯ ಕಾಲದಲ್ಲಿ ಒಂದು ನಾಯಿಗೆ ಅರಿವಳಿಕೆ ಕೊಟ್ಟ ಮೇಲೆ ಬಾಯಿಂದ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯ ಚೂರುಗಳು ಬಂದವು. ತಲೆಯನ್ನು ಕೆಳಗೆ ಮಾಡಿ, ಬಟ್ಟೆಯಿಂದ ಒರೆಸಿ ಒರೆಸಿ ತೆಗೆದೆವು, ನಾಯಿ ಉಳಿಯಿತು. ಹೊರಗೆ ಕುಳಿತಿದ್ದ ಅಜ್ಜಿ 'ಒಂದು ಚೂರೇ ಹಾಕಿದ್ದೆನಪ್ಪ' ಎಂದರು. ಅವರ ಕಣ್ಣಲ್ಲಿ ನೀರಿತ್ತು, ನಾನೇನೂ ಅನ್ನಲಿಲ್ಲ. ಯಾರಾದರೂ ಹಾಕಿಬಿಟ್ಟರೆ ಹೇಳಿಬಿಡಿ. ಹೆಚ್ಚೆಂದರೆ ಶಸ್ತ್ರಚಿಕಿತ್ಸೆ ನಾಳೆಗೆ ಹೋಗುತ್ತದೆ.

ಮುಧೋಳ ತಳಿಯೆಂದು ವೈದ್ಯರಿಗೆ ಮೊದಲೇ ತಿಳಿಸಿ. ಬೇಟೆಗೆ ಓಡುವ ಈ ತೆಳುಮೈಯ ನಾಯಿಗಳಲ್ಲಿ ಕೊಬ್ಬು ಕಡಿಮೆ; ಥಯೋಪೆಂಟಾಲ್‌ನಂಥ ಕೆಲವು ಅರಿವಳಿಕೆಗಳಿಂದ ಅವು ಎಚ್ಚರಗೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. ಬೆದೆಗೆ ಬಂದಿದ್ದರೆ ಅದನ್ನೂ ಹೇಳಬೇಕು, ಆಗ ಗರ್ಭಕೋಶದ ರಕ್ತನಾಳಗಳು ಉಬ್ಬಿರುತ್ತವೆ. ಹೊಲಿಗೆ ತೆಗೆಯುವವರೆಗೆ, ಎಂದರೆ ಹತ್ತರಿಂದ ಹದಿನಾಲ್ಕು ದಿನ, ಮೈ ತೋಯಿಸುವಂತಿಲ್ಲವಾದ್ದರಿಂದ ಸ್ನಾನವೇನಿದ್ದರೂ ಹಿಂದಿನ ದಿನವೇ ಆಗಲಿ. ಜೊತೆಗೊಂದು ಕಂಬಳಿ ತನ್ನಿ. ರಾಯಚೂರು ಜಿಲ್ಲೆಯಲ್ಲಿ ಕಂಬಳಿಯೇ ಎಂದು ನಗಬೇಡಿ, ಅರಿವಳಿಕೆಯಲ್ಲಿ ಮೈಬಿಸಿ ಇಳಿಯುತ್ತದೆ.

ಪ್ರಶ್ನೆ: ಹೊಲ ಕಾಯುವ ನಮ್ಮ ನಾಯಿ ಹೊರಗಿನವರನ್ನು ಮುಟ್ಟಗೊಡುವುದಿಲ್ಲ. ಎರಡು ದಿನದಿಂದ ಜೊಲ್ಲು ಸುರಿಸುತ್ತಿದೆ, ನೀರು ಕುಡಿಯಲು ಆಗುತ್ತಿಲ್ಲ. ಗಂಟಲಲ್ಲಿ ಎಲುಬು ಸಿಕ್ಕಿರಬಹುದೆಂದು ತಮ್ಮ ಕೈಹಾಕಿ ನೋಡಿದ, ಏನೂ ಸಿಗಲಿಲ್ಲ. ಆಸ್ಪತ್ರೆಗೆ ಹೇಗೆ ತರಬೇಕು?
(ರೈತರು, ಕುಷ್ಟಗಿ ತಾಲ್ಲೂಕು)

ಉತ್ತರ: ಈ ಪತ್ರಕ್ಕೆ ಅಂಕಣ ಅಚ್ಚಾಗುವವರೆಗೆ ಕಾಯದೆ ಸಂಪಾದಕರ ಮೂಲಕ ಅಂದೇ ಉತ್ತರಿಸಿದ್ದೇನೆ. ಇತರರಿಗಾಗಿ ಇಲ್ಲಿ ಬರೆಯುತ್ತೇನೆ. ಎಲುಬು ಸಿಕ್ಕ ನಾಯಿಯೂ ಜೊಲ್ಲು ಸುರಿಸುತ್ತದೆ, ಹುಚ್ಚು ಹಿಡಿದ ನಾಯಿಯೂ ಸುರಿಸುತ್ತದೆ. ದವಡೆ ಜೋತುಬಿದ್ದು, ನುಂಗಲಾಗದೆ, ಕಚ್ಚಲೂ ಹೋಗದೆ ಮೂಲೆಯಲ್ಲಿ ಕೂರುವ ರೇಬೀಸ್ ಒಂದಿದೆ, ಅದರಿಂದಲೇ ಮನೆಯವರು ಮೋಸಹೋಗುತ್ತಾರೆ. ಲಸಿಕೆ ಆಗಿರದ ನಾಯಿಯ ಬಾಯಿಗೆ ಕೈಹಾಕಬಾರದು. ಹಾಕಿದ್ದರೆ ಆ ಕೈಯನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಗಾಯ ಕಾಣದಿದ್ದರೂ ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆಯ ಬಗ್ಗೆ ಕೇಳಬೇಕು. ಲಕ್ಷಣಗಳು ತೋರಿದ ಮೇಲೆ ಈ ರೋಗಕ್ಕೆ ಚಿಕಿತ್ಸೆಯಿಲ್ಲ. ಇಂಥ ನಾಯಿಯನ್ನು ಆಟೋದಲ್ಲಿ, ಬಸ್ಸಿನಲ್ಲಿ ತರಬೇಡಿ. ಮಕ್ಕಳು, ದನಕರು ಹೋಗದ ಕೋಣೆಯಲ್ಲಿ ಕೂಡಿಹಾಕಿ, ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ಫೋನ್ ಮಾಡಿ, ವೈದ್ಯರೇ ಬರುವಂತೆ ಕೇಳಿ.

ಬರೀ ಸಿಟ್ಟಿನ ಸ್ವಭಾವದ ನಾಯಿಯಾದರೆ ದಾರಿ ಬೇರೆ. ಎತ್ತಿನ ಬಾಯಿಗೆ ಕುಕ್ಕೆ ಹಾಕುವಂತೆ ನಾಯಿಗೂ ಬಾಯಿಪಟ್ಟಿ ಸಿಗುತ್ತದೆ. ಬಾಯಿ ತೆರೆದು ಏದಲು ಜಾಗವಿರುವ ಬುಟ್ಟಿಯಂಥದನ್ನೇ ಕೊಳ್ಳಿ, ಮನೆಯಲ್ಲೇ ಒಂದೆರಡು ವಾರ ದಿನಕ್ಕೆ ಐದು ನಿಮಿಷ ಹಾಕಿ ರೂಢಿ ಮಾಡಿಸಿ. ಆಸ್ಪತ್ರೆಯ ಬಾಗಿಲಲ್ಲಿ ಮೊದಲ ಸಲ ಹಾಕಲು ಹೋದವರ ಕೈಗೆ ನಾನು ಪಟ್ಟಿ ಕಟ್ಟಿದ್ದೇನೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ನಮ್ಮ ಪಗ್ ನಾಯಿಯನ್ನು ಲಸಿಕೆಗೆ ಯಾವ ಹೊತ್ತಿನಲ್ಲಿ ಕರೆದೊಯ್ಯಬೇಕು?
(ಸ್ಟೇಷನ್ ರಸ್ತೆ, ರಾಯಚೂರು)

ಉತ್ತರ: ಆಸ್ಪತ್ರೆ ತೆರೆದ ಕೂಡಲೇ ಮೊದಲ ಸರದಿಯಲ್ಲಿ. ನಿಮ್ಮೂರಿನ ಬಿಸಿಲು ನಲವತ್ತು ಡಿಗ್ರಿ ಸೆಲ್ಸಿಯಸ್ ದಾಟುವ ತಿಂಗಳಲ್ಲಿ ಚಪ್ಪಟೆ ಮೂಗಿನ ನಾಯಿ ಏದಿ ಏದಿ ಮೈ ತಂಪು ಮಾಡಿಕೊಳ್ಳಲಾರದು. ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ಅದನ್ನು ನಡೆಸಬೇಡಿ, ಎತ್ತಿಕೊಳ್ಳಿ. ಒಂದು ಬಾಟಲಿ ನೀರು, ಒಂದು ಬಟ್ಟಲು, ಒಂದು ಒದ್ದೆ ಟವೆಲ್ ಇರಲಿ. ಸರದಿ ತಡವಾದರೆ ಮುಚ್ಚಿದ ಕಾರಿನಲ್ಲಿ ಬಿಡದೆ ಮರದ ನೆರಳಿನಲ್ಲಿ ಕುಳಿತಿರಿ, ಕಾಂಪೌಂಡರಿಗೆ ಹೇಳಿದರೆ ಅವರು ಅಲ್ಲಿಗೇ ಬಂದು ಕರೆಯುತ್ತಾರೆ.